ಎರಡು ಆರಾಮ, ಒಂದೇ ಖಾನೆ

ಲೆಕ್ಕದಲ್ಲಿ ನೇತ್ರಾಳನ್ನು ಮೀರಿಸುವವರು ಗದಗಿನಲ್ಲಿ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು ನೋಡಿ, ಅಲ್ಲೇ ಕೆಟ್ಟದ್ದು. ಬಸುರಿಯರ ಆರೈಕೆ ಮಾಡುವ ಸಂಸ್ಥೆಯೊಂದರಲ್ಲಿ ಅವಳ ಕೆಲಸ. ಪ್ರತಿ ವಾರ ಆಶಾ ಕಾರ್ಯಕರ್ತೆಯರು ಕಂಡದ್ದನ್ನು, ಫೋನಿನಲ್ಲಿ ಬಸುರಿ ಹೇಳಿದ್ದನ್ನು ತುಂಬಿದರೆ ಸಾಕು, ಈ ಸ್ಥಿತಿಯಲ್ಲಿರುವವಳು ಮುಂದಿನ ವಾರ ಯಾವ ಸ್ಥಿತಿಗೆ ಹೋಗುವ ಸಂಭವ ಎಷ್ಟು ಎಂದು ಅವಳ ಪ್ರೋಗ್ರಾಮು ಹೇಳುತ್ತಿತ್ತು. ಇದ್ದದ್ದು ಒಂದೇ ಜೀಪು. ನರ್ಸು ಯಾರ ಮನೆಗೆ ಹೋಗಬೇಕೆಂಬ ಪಟ್ಟಿ ಅಲ್ಲಿಂದಲೇ ಬರುತ್ತಿತ್ತು.

ಸ್ಥಿತಿಗಳು ಮುನ್ನೂರಾದಾಗ ಕಂಪ್ಯೂಟರು ಕೈಚೆಲ್ಲಿತು. ಮುಂದಿನ ನಡೆ ಒಂದೇ ತರಹ ಇರುವ ಸ್ಥಿತಿಗಳನ್ನೆಲ್ಲ ನೇತ್ರಾ ಒಂದು ಖಾನೆಗೆ ಸೇರಿಸುತ್ತ ಹೋಗಿ ನಲವತ್ತಕ್ಕೆ ಇಳಿಸಿದಳು. ‘ತೊಂದರೆ ಇಲ್ಲ, ಆರಾಮ’ ಮತ್ತು ‘ಕಾಲು ಬಾತಿದೆ, ಆದರೂ ಆರಾಮ ಅನ್ನುತ್ತಾಳೆ’ ಎರಡೂ ಒಂದಾದವು. ದಾಖಲೆಯಲ್ಲಿ ಎರಡೂ ಬಗೆಯವರು ಮುಂದಿನ ವಾರ ಆರಾಮವೇ ಇದ್ದರು.

ಡಂಬಳದ ಕಡೆಯ ಆಶಾ ಕಾರ್ಯಕರ್ತೆ ಬೀರವ್ವ ಹೊಸ ಪಟ್ಟಿ ನೋಡಿದವಳೇ ಬಸ್ಸು ಹತ್ತಿ ಬಂದುಬಿಟ್ಟಳು.

"ಶಿವಲಕ್ಷ್ಮಿ ಹೆಸರು ಯಾಕ್ ತಗದ್ರಿ ಅಕ್ಕಾರ? ಎಂಟ ತಿಂಗಳಾಗೇತಿ, ಪಾದ ಬಾತು ಚಪ್ಪಲಿ ಹಿಡಿಸವಲ್ದು."

"ಆಕಿನ ಆರಾಮ ಅಂದಾಳಲ್ರಿ."

"ಫೋನ್ ಇರೋದು ಅತ್ತಿ ಕೈಯಾಗ! ಅತ್ತಿ ಮುಂದ ಯಾವ ಸೊಸಿ ಆರಾಮಿಲ್ಲ ಅಂತಾಳ್ರಿ? ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ."

"ಎರಡೂ ‘ಆರಾಮ’ ಒಂದ ಖಾನೆದಾಗ ಅದಾವ್ರಿ. ಬ್ಯಾರೆ ಅನ್ನಾಕ ದಾಖಲೆದಾಗ ಏನರ ಇರಬೇಕಲ್ರಿ ಬೀರವ್ವ. ಏನೂ ಇಲ್ಲ."

ನೇತ್ರಾ ಹಾಗಂದಳೇ ಹೊರತು, ಬೀರವ್ವನ ಮಾತು ಅವಳಿಗೆ ಒಳಗೇ ಚುಚ್ಚಿತು. ಆದರೂ ಒಬ್ಬಳಿಗಾಗಿ ಖಾನೆ ಒಡೆದರೆ ನಾಳೆ ಎಲ್ಲರೂ ಬರುತ್ತಾರೆ ಎಂದುಕೊಂಡು ಪಟ್ಟಿಯನ್ನು ಹಾಗೇ ಬಿಟ್ಟಳು. ಒಂದು ಹೆಸರು ಬರೆಯಲು ಎಷ್ಟು ಹೊತ್ತು ಬೇಕಿತ್ತು, ಹೇಳಿ!

ಒಂಬತ್ತನೆಯ ದಿನ ಮುಂಜಾನೆ ರಕ್ತದೊತ್ತಡ ಏರಿ ಶಿವಲಕ್ಷ್ಮಿಗೆ ಫಿಟ್ಸು ಬಂತು. ಗದಗ ಮುಟ್ಟುವ ಮೊದಲೇ ದಾರಿಯಲ್ಲಿ ತಾಯಿ, ಹೊಟ್ಟೆಯೊಳಗಿನ ಕೂಸು ಇಬ್ಬರೂ ಹೋದರು.

ಆ ವಾರದ ದಾಖಲೆಯನ್ನು ನೇತ್ರಾಳೇ ತುಂಬಬೇಕಾಯಿತು. ‘ಸಾವು’ ಎಂಬಲ್ಲಿ ಒತ್ತಿದಳು. ಎಂಥ ಪಾಪಿ ನಾನು ಎಂದು ಬಿಕ್ಕಿ ಬಿಕ್ಕಿ ಅತ್ತಳು. ಪ್ರೋಗ್ರಾಮು ಮಾತ್ರ ಹೊಸ ದಾಖಲೆ ಸೇರಿದಾಗಲೆಲ್ಲ ಮಾಡುವಂತೆ ಸ್ಥಿತಿಗಳನ್ನು ಮತ್ತೆ ಹೋಲಿಸಿ ನೋಡಿತು. ಆ ಎರಡು ‘ಆರಾಮ’ಗಳ ನಡೆ ಬೇರೆ ಎಂದು ಈಗ ಅದಕ್ಕೆ ಕಂಡಿತು. ಖಾನೆಯನ್ನು ತಾನೇ ಒಡೆದು ಹೊಸ ಪಟ್ಟಿ ಕೊಟ್ಟಿತು. ಕಾಲು ಬಾತ ಹದಿನೇಳು ಬಸುರಿಯರ ಹೆಸರು ಅದರಲ್ಲಿತ್ತು.

ಪಟ್ಟಿ ಒಯ್ಯಲು ಬಂದ ಬೀರವ್ವ ಒಂದೊಂದೇ ಹೆಸರು ಓದಿ ಹಾಳೆಯನ್ನು ಮಡಚಿದಳು.

"ನನ್ನ ಮಾತಿಗೆ ಒಡೀಲಾರದ ಖಾನೆ ಹೆಣಕ್ಕ ಒಡೀತೇನ್ರಿ ಅಕ್ಕಾರ?"