ಅತ್ತಿಗೆ ಹಾಕಿದ ಹಾರ್ಮೋನು

ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಮನೆಯಿಂದ ಒಂದೇ ಬಸ್ಸಿನಲ್ಲಿ ಒಂದೇ ಟಿಶ್ಯೂ ಕಲ್ಚರ್ ಲ್ಯಾಬಿಗೆ ಕೆಲಸಕ್ಕೆ ಬರುತ್ತಿದ್ದರು. ಪಕ್ಕಪಕ್ಕದ ಸೀಟು ಖಾಲಿಯಿದ್ದರೆ ಇಬ್ಬರೂ ನಿಂತೇ ಬರುತ್ತಿದ್ದರು.

ಲ್ಯಾಬಿನ ಬಾಟಲಿಗಳಲ್ಲಿ ಸಸಿಗಳಿಗೆ ಎಲೆ ಬರುತ್ತಿತ್ತು, ಬೇರು ಬರುತ್ತಿರಲಿಲ್ಲ. ಯಜಮಾನರು ಹೇಳಿಬಿಟ್ಟರು: "ಯಾರ ಬಾಟಲೀಲಿ ಬೇರು ಬರುತ್ತೋ ಅವರು ಇರಿ. ಇನ್ನೊಬ್ಬರು ಮನೇಲಿ ಕೂತ್ಕೊಳ್ಳಿ."

ಮನೆಯಲ್ಲಿ ಕೂರುವುದೆಂದರೆ ಇಡೀ ದಿನ ಅತ್ತೆಯ ಎದುರು. ಅದಕ್ಕಿಂತ ಆಸಿಡ್ ಕುಡಿಯುವುದು ಮೇಲು ಎಂದುಕೊಂಡಳು ಅತ್ತಿಗೆ.

ಬೇರಿನ ಹಾರ್ಮೋನು ಬಲು ನಾಜೂಕಿನದು. ಕಡಿಮೆಯಾದರೆ ಬೇರು ಮೂಡದು. ಅತಿಯಾದರೆ ಬುಡದಲ್ಲಿ ಬರೀ ಗಂಟು ಕಟ್ಟುತ್ತದೆ. ಅತ್ತಿಗೆ ತನ್ನ ಸಸಿಗಳಿಗೆ ರೂಢಿಯ ಅಳತೆಯಲ್ಲೇ ಹಾಕಿದಳು. ನಾದಿನಿ ತನ್ನ ಸಸಿಗಳಿಗೆ ಕಲಸಿದ ದ್ರಾವಣವನ್ನು ಮೇಜಿನ ಮೇಲೆ ಬಿಟ್ಟು ಫೋನ್ ಹಿಡಿದು ಹೊರಗೆ ಹೋದದ್ದೇ ತಡ, ಅತ್ತಿಗೆ ಫ್ರಿಜ್ಜಿನಿಂದ ಹಾರ್ಮೋನಿನ ಶೀಸೆ ತೆಗೆದು ಅದಕ್ಕೂ ಸುರಿದಳು. ನಾದಿನಿ ಹಾಕಿದ್ದರ ಮೇಲೆ ಇದೂ ಸೇರಿ ಗಂಟು ಕಟ್ಟಿ ಹಾಳಾಗಲಿ ಎಂದೇ ಸುರಿದಳು. ಹೊಟ್ಟೆ ತಣ್ಣಗಾಯಿತು.

ವಾರಗಳು ಕಳೆದವು. ಅತ್ತಿಗೆಯ ಸಸಿಗಳು ಬೋಳು ಬುಡ ತೋರಿಸಿಕೊಂಡು ನಿಂತಿದ್ದವು. ನಾದಿನಿಯ ಸಸಿಗಳ ಬೇರು ಬಾಟಲಿಯ ಮುಚ್ಚಳ ತಳ್ಳಿಕೊಂಡು ಹೊರಬಂದು ಟ್ಯೂಬ್‌ಲೈಟಿನ ವೈರನ್ನು ಅಪ್ಪಿಕೊಂಡಿತ್ತು. ಒಂದು ಬಾಟಲಿ ಎತ್ತಿದರೆ ಇಡೀ ಕಪಾಟೇ ಜೊತೆಗೆ ಬಂತು.

"ಎಷ್ಟಮ್ಮಾ ಹಾಕಿದೆ ಹಾರ್ಮೋನು?" ಯಜಮಾನರು ಕಪಾಟು ಹಿಡಿದುಕೊಂಡೇ ಕೇಳಿದರು.

"ನಾನೆಲ್ಲಿ ಹಾಕಿದೆ ಸರ್? ಒಂದು ಹನೀನೂ ಇಲ್ಲ. ಹೇಗೂ ಅತ್ತಿಗೆ ಕದ್ದು ಹಾಕ್ತಾರೆ ಅಂತ ಸುಮ್ಮನಾದೆ," ಎಂದಳು ನಾದಿನಿ. "ಮನೇಲೂ ಅಷ್ಟೇ. ನಾನು ಮಾಡಿದ ಅಡುಗೆಗೆ ಬಂದು ಉಪ್ಪು ಸುರೀತಾರೆ. ನಾನು ಉಪ್ಪು ಹಾಕೋದೇ ಬಿಟ್ಟು ವರ್ಷ ಆಯ್ತು."

"ನಿನ್ನ ಬಾಯಿಗೆ ಮಣ್ಣು ಹಾಕ! ಇಷ್ಟು ದಿನ ನನ್ನ ಉಪ್ಪೇ ತಿಂದ್ಯೇನೇ?" ಅತ್ತಿಗೆ ಕಿರುಚಿದಳು.

"ಹದವಾಗೇ ಇತ್ತಲ್ಲ ಅತ್ತಿಗೆ."

"ಬೈಗುಳ ಆಮೇಲೆ ಇಟ್ಕೊಳ್ಳಿ," ಯಜಮಾನರು ಅತ್ತಿಗೆಯ ಕಡೆ ತಿರುಗಿದರು. "ಅಳತೆ ಹೇಳಿ."

ಅಳತೆ ಹೇಳಿದರೆ ನಾದಿನಿ ಕಲಿತುಬಿಡುತ್ತಾಳೆ, ತನಗೆ ಅತ್ತೆಯೇ ಗತಿ. ಅತ್ತಿಗೆ ಬಿಳಿ ಕೋಟಿನ ಗುಂಡಿ ಹಾಕಿಕೊಂಡಳು. "ಅಳತೆಗಿಳತೆ ಏನಿಲ್ಲ ಸರ್. ಸಿಟ್ಟು ಬಂದಷ್ಟು ಸುರಿದೆ. ಇವಳ ಮುಖ ಕಂಡ್ರೇನೇ ನನ್ನ ಕೈ ಓಡೋದು."

ಹೀಗಾಗಿ ಇಬ್ಬರಿಗೂ ಕೆಲಸ ಉಳಿಯಿತು. ದ್ರಾವಣ ಕಲಸುವುದರ ಜೊತೆಗೆ ಅತ್ತಿಗೆಯನ್ನು ಕೆಣಕುವುದೂ ನಾದಿನಿಯ ಡ್ಯೂಟಿಯಾಯಿತು.

"ಅತ್ತಿಗೆ, ಮದುವೆಗೆ ಮುಂಚೆ ಅಣ್ಣ ಇಷ್ಟಪಟ್ಟಿದ್ದು ನಿಮ್ಮ ತಂಗೀನಂತೆ, ಗೊತ್ತಾ?"

ಅತ್ತಿಗೆ ಹಲ್ಲು ಕಡಿಯುತ್ತ ಶೀಸೆ ಬಗ್ಗಿಸಿದಳು.

"ಸಾಕಮ್ಮಾ, ಸಾಕು!" ಯಜಮಾನರು ಓಡಿಬಂದರು. "ಇವು ಎಳೇ ಸಸಿ. ಇಷ್ಟು ಸಿಟ್ಟು ತಡೆಯಲ್ಲ!"