ಗಂಟಿಲ್ಲದ ಒಂಬತ್ತು ರತ್ನಗಂಬಳಿ

ಕಬ್ಬಿಣದ ಬಾಚಣಿಗೆಯ ಹಲ್ಲುಗಳಲ್ಲಿ ಸಿಕ್ಕಿಕೊಂಡ ಉಣ್ಣೆಯನ್ನು ನಾನು ಸೂಜಿಯಿಂದ ಬಿಡಿಸುತ್ತಿದ್ದೆ. ನನ್ನ ತಾಯಿ, ಉಮ್ಮಿ, ಕುರಿದೊಗಲಿನ ಮೇಲೆ ಕೂತು ನೋಡುತ್ತಿದ್ದಳು. ಮಗ್ಗದ ಮೇಲೆ ಅವಳ ರತ್ನಗಂಬಳಿ ಅರ್ಧಕ್ಕೆ ನಿಂತು ಎರಡು ತಿಂಗಳಾಗಿತ್ತು. ಲಕ್ವ ಹೊಡೆದ ದಿನವೇ ಅವಳ ಮಾತು ಹೋಗಿತ್ತು.

ಕೈರುವಾನ್ ಪಟ್ಟಣದ ನಮ್ಮ ಓಣಿಯಲ್ಲಿ ಯಾರೂ ಚಿತ್ತಾರವನ್ನು ಕಾಗದದ ಮೇಲೆ ಬರೆಯುವುದಿಲ್ಲ. ಯಾವ ಬಣ್ಣದ ಗಂಟು ಎಷ್ಟು ಎಂದು ಮನೆಯ ಹಿರಿಯಳು ನೆನಪಿನಿಂದಲೇ ಕೂಗುತ್ತಾಳೆ, ಉಳಿದವರು ಹಾಕುತ್ತಾರೆ. ನಮ್ಮ ಗಂಬಳಿಯ ಮೇಲಿನರ್ಧ ಕೆಳಗಿನದರಂತೆ ಇರುವುದೂ ಇಲ್ಲ, ನೋಡಿ ನೇಯೋಣವೆಂದರೆ.

ಕಳೆದ ಚಳಿಗಾಲ ಚಿಕ್ಕಮ್ಮನ ಮಗ ಲಸ್ಸಾದ್ ಲ್ಯಾಪ್‌ಟಾಪ್ ತಂದಿದ್ದ.

"ದೊಡ್ಡಮ್ಮ, ನೀವು ಕೂಗ್ತಾ ಹೋಗಿ. ಗಂಬಳಿಗೆ ಅಂತಲೇ ಇದರಲ್ಲಿ ಒಂದು ಪ್ರೋಗ್ರಾಂ, ಒಂದು ಅಚ್ಚು ಬರೆದಿದೀನಿ. ಹೆಸರು, ಅಗಲ, ಬಣ್ಣ, ಗಂಟು, ಎಲ್ಲ ಅದರೊಳಗೆ ಕೂರುತ್ತೆ."

"ನಿನ್ನ ಡಬ್ಬಿಗಿಂತ ನನ್ನ ತಲೆ ಗಟ್ಟಿ ಕಣೋ!" ಎಂದು ಉಮ್ಮಿ ನಕ್ಕಳು. ಆದರೂ ನಲವತ್ತು ದಿನ ಕೂಗಿದಳು. ಆರನೇ ತರಗತಿಗೇ ಶಾಲೆ ಬಿಟ್ಟ ನಾನು ಒಂದೇ ಬೆರಳಿನಲ್ಲಿ ಒತ್ತುತ್ತಾ ಹೋದೆ. ಒಂಬತ್ತು ಗಂಬಳಿಗಳ ಚಿತ್ತಾರ ಬರೆದು ಮುಗಿಯಿತು. 'ಉಳಿಸಲಾಗಿದೆ' ಎಂದು ತೆರೆಯ ಮೇಲೆ ಬಂತು. ನಲವತ್ತು ದಿನವೂ ತೆರೆದೇ ಇಟ್ಟಿದ್ದನ್ನು ಲಸ್ಸಾದ್ ಆಗ ಮುಚ್ಚಿಟ್ಟ. ಮತ್ತೆ ತೆರೆದು ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಉಮ್ಮಿ ಕಣ್ಣೆದುರಿಗೇ ಇದ್ದಳಲ್ಲ.

ಮಗ್ಗದ ಮೇಲಿನ ಗಂಬಳಿಯ ಉಳಿದ ಗಂಟುಗಳಿಗಾಗಿ ಈ ಮಧ್ಯಾಹ್ನ ಅವನು ಬಂದು ತೆರೆದ. ಒಂಬತ್ತೂ ಹೆಸರು ಬಂದವು. ಅಗಲ ಬಂತು, ಬಣ್ಣಗಳೂ ಬಂದವು. ಗಂಟುಗಳ ಜಾಗ ಮಾತ್ರ ಖಾಲಿ.

"ಗಂಟೆಲ್ಲಿ?" ಎಂದೆ.

ತುಂಬ ಹೊತ್ತು ತಾನು ಬರೆದದ್ದನ್ನೇ ಓದಿದ. ಕಿವಿ ಕೆಂಪಾಯಿತು.

"ಗಂಬಳಿ ಅಚ್ಚಿನೊಳಗೇ ಗಂಟಿಗೆ ಬೇರೆ ಅಚ್ಚು ಮಾಡಿದ್ದೆ. ಏನೇನು ಉಳಿಸ್ಬೇಕು ಅಂತ ಒಂದೊಂದನ್ನೂ ನಾವೇ ಹೇಳ್ಬೇಕು ಕಂಪ್ಯೂಟರ್‌ಗೆ. ಗಂಟನ್ನೂ ಉಳಿಸು ಅಂತ ಹೇಳೋದು ಬಿಟ್ಟೋಯ್ತು."

"ಎಲ್ಲೋ ಒಳಗೆ ಇರಬೇಕಲ್ಲ?"

"ತೆರೆದಿದ್ದಷ್ಟು ಹೊತ್ತು ಇತ್ತು. ಮುಚ್ಚಿದ್ನಲ್ಲ, ಆಗ್ಲೇ ಹೋಯ್ತು. ನಮ್ಮವ್ವನ ತಲೆಯಾಣೆ, ಬೇಕಂತ ಮಾಡಿದ್ದಲ್ಲ."

"ಮದುವೆಗೆ ಊರನ್ನೆಲ್ಲ ಕರೆದು ಮದುಮಗಳನ್ನೇ ಬಿಟ್ಟೆಯಲ್ಲೋ."

ಅವನಿಗೆ ನಾನು ಆಡಿದ ಅತಿ ಕಟುವಾದ ಮಾತು ಅದು. ಚಹಾ ಮುಟ್ಟದೆ ಎದ್ದುಹೋದ.

ನಾನು ಮಗ್ಗದ ಮುಂದೆ ಕೂತೆ. ಕೆಂಪು, ಬಿಳಿ, ನೀಲಿ ಉಂಡೆಗಳನ್ನು ಒಂದೊಂದಾಗಿ ಉಮ್ಮಿಯ ಕಣ್ಣ ಮುಂದೆ ಹಿಡಿದೆ. ಮೂರನ್ನೂ ಅವಳು ಒಂದೇ ರೀತಿ ನೋಡಿದಳು, ಕಿಟಕಿಯನ್ನು ನೋಡುವ ಹಾಗೆ.

ಎಳೆಯನ್ನು ಬೆರಳಿಗೆ ಸುತ್ತಿಕೊಂಡೆ.

"ಉಮ್ಮಿ, ಮುಂದಿನ ಗಂಟು ಹೇಳು."