ಮೂರನೆಯ ಪಾಠದ ಉದಾಹರಣೆ

ಆ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಮನೋವಿಜ್ಞಾನ ಹೇಳಿಕೊಡುತ್ತಿದ್ದ ಮೇಡಂ ಎಂದರೆ ಮಕ್ಕಳಿಗೆ ಅಚ್ಚುಮೆಚ್ಚು. ಇಪ್ಪತ್ತಾರು ವರ್ಷಗಳಿಂದ ಅದೇ ಪಾಠ, ಎರಡನೇ ಮಹಡಿಯ ಅದೇ ಉದ್ದನೆಯ ಕೋಣೆ. ಆದರೂ ಅವರ ತರಗತಿಯಲ್ಲಿ ಕೂತು ಆಕಳಿಸಿದವರಿಲ್ಲ. ಪುಸ್ತಕದ ಒಣ ಮಾತನ್ನು ಮನೆಮಾತಿಗೆ ಇಳಿಸುವ ಕಲೆ ಅವರಿಗೆ ಕರಗತವಾಗಿತ್ತು. ಅದರಲ್ಲೂ ಮೂರನೆಯ ಪಾಠ, ಅಂದರೆ ಕಲಿಕೆಯ ಪಾಠ ಬಂತೆಂದರೆ ಬೇರೆ ವಿಭಾಗದವರೂ ಬಂದು ಹಿಂದಿನ ಬೆಂಚಿನಲ್ಲಿ ಒತ್ತರಿಸಿಕೊಂಡು ಕೂರುತ್ತಿದ್ದರು. ಅಂದು ಮೇಡಂ ತಮ್ಮ ತಂಗಿಯ ಕಥೆ ಹೇಳುತ್ತಿದ್ದರು.

ಕಥೆ ಚಿಕ್ಕದು. ತಂಗಿಗೆ ಐದು ವರ್ಷ, ಮೇಡಂಗೆ ಹತ್ತು. ಕಣ್ಣಾಮುಚ್ಚಾಲೆ ಆಡುತ್ತಾ ತಂಗಿ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಗೆ ನುಗ್ಗಿದಳು, ಬಾಗಿಲು ಧಡ್ಡನೆ ಮುಚ್ಚಿಕೊಂಡಿತು. ಒಳಗೆ ಕಗ್ಗತ್ತಲೆ. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಕೊಂಡು ನಿಂತಿದ್ದಳು, ಮಗುವಿನ ಕೂಗು ಅವಳ ಕಿವಿಗೆ ಬೀಳಲೇ ಇಲ್ಲ. ಅರ್ಧ ಗಂಟೆ ಹಾಗೇ ಹೋಯಿತು. ಅಂದಿನಿಂದ ತಂಗಿಗೆ ಮಿಕ್ಸಿಯ ಸದ್ದು ಕೇಳಿದರೆ ಸಾಕು, ಮೈಯೆಲ್ಲ ಬೆವರು.

‘ಪಾಪ, ಮಿಕ್ಸಿ ಅವಳಿಗೇನು ಮಾಡಿತ್ತು?’ ಎಂದು ಮೇಡಂ ಕೇಳುತ್ತಿದ್ದರು. ತರಗತಿ ನಗುತ್ತಿತ್ತು. ಕತ್ತಲೆಯಲ್ಲಿ ಸಿಕ್ಕಿಹಾಕಿಕೊಂಡರೆ ಯಾವ ಮಗುವಾದರೂ ಹೆದರುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ. ಮಿಕ್ಸಿಗೆ ಹೆದರುವುದು ಮಾತ್ರ ಕಲಿತದ್ದು. ಎರಡನ್ನೂ ಗಂಟು ಹಾಕಿದ್ದು ಆ ಅರ್ಧ ಗಂಟೆ. ಇದಕ್ಕೇ ಅನುಬಂಧನ ಎನ್ನುತ್ತಾರೆ, ಬರೆದುಕೊಳ್ಳಿ. ಆಮೇಲೆ ಆ ಹೆದರಿಕೆ ಮಿಕ್ಸಿಯಿಂದ ರಸ್ತೆ ಕೊರೆಯುವ ಯಂತ್ರಕ್ಕೆ, ಮುಚ್ಚಿದ ಬಾಗಿಲಿಗೆ, ಲಿಫ್ಟಿಗೆ ಹೇಗೆ ಹಬ್ಬಿತು ಎನ್ನುವುದನ್ನು ಅವರು ಅಭಿನಯಿಸಿ ತೋರಿಸುತ್ತಿದ್ದರು. ಎರಡೂ ಕಿವಿಗೆ ಅಂಗೈ ಒತ್ತಿ, ಮೊಣಕೈ ಮುಂದೆ ಚಾಚಿ, ಅಡುಗೆಮನೆಯಿಂದ ಅಂಗಳಕ್ಕೆ ಓಡುವ ತಂಗಿ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಡಂ ಬರೆದ ಕೈಪಿಡಿಯಲ್ಲೂ ಆ ಉದಾಹರಣೆ ಅಚ್ಚಾಗಿತ್ತು. ಬೇರೆ ಕಾಲೇಜಿನವರೂ ಅದನ್ನೇ ಉರು ಹೊಡೆದು ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಮಕ್ಕಳ ಬಾಯಲ್ಲಿ ಅವಳು ‘ಮಿಕ್ಸಿ ತಂಗಿ’.

ಆ ತಂಗಿ ಅದೇ ಊರಿನಲ್ಲಿ, ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಮೊದಲು ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು, ಕೈ ಬಹಳ ಚುರುಕು. ಮೂವತ್ತನೆಯ ವಯಸ್ಸಿನಲ್ಲಿ ರಕ್ತ ಶೇಖರಿಸಿಡುವ ಶೀತಲ ಕೋಣೆಯ ಹೊಣೆ ಅವಳಿಗೆ ಬಂತು. ದಪ್ಪ ಬಾಗಿಲು, ಒಳಗೆ ಹೋದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ಮೇಲೆ ಗುಂಯ್ ಎನ್ನುವ ಯಂತ್ರ. ಎರಡು ವಾರ ಹೇಗೋ ಹಲ್ಲು ಕಚ್ಚಿದಳು, ಮೂರನೆಯ ವಾರ ಕೆಲಸ ಬಿಟ್ಟಳು. ಹೊಲಿಗೆ ಅಂಗಡಿಗೆ ಬಾಗಿಲೇ ಇಲ್ಲ, ಬರೀ ಷಟರು, ಬೆಳಗ್ಗೆ ಎತ್ತಿದರೆ ಸಂಜೆಯೇ ಇಳಿಸುವುದು. ಮನೆಯಲ್ಲಿ ರುಬ್ಬುವುದೆಲ್ಲ ಕಲ್ಲಿನಲ್ಲೇ. ಬಚ್ಚಲ ಬಾಗಿಲಿಗೆ ಅಗುಳಿಯಿಲ್ಲ. ಅವಳ ಮಗಳು ಇದನ್ನೆಲ್ಲ ಅಮ್ಮನ ವಿಚಿತ್ರ ಎಂದುಕೊಂಡೇ ಬೆಳೆದಿದ್ದಳು.

ಆ ಮಗಳು ಆ ವರ್ಷ ಮೇಡಂ ಕಾಲೇಜಿಗೇ ಸೇರಿದಳು, ಮನೋವಿಜ್ಞಾನವನ್ನೇ ತೆಗೆದುಕೊಂಡಳು. ಕಾಲೇಜಿನಲ್ಲಿ ದೊಡ್ಡಮ್ಮ ಅನ್ನಬೇಡ, ಎಲ್ಲರ ಹಾಗೆ ಮೇಡಂ ಅನ್ನು ಎಂದು ಮೊದಲ ದಿನವೇ ಅವಳಿಗೆ ಹೇಳಿದ್ದಾಯಿತು. ಮೂರನೆಯ ಪಾಠದ ದಿನ ಮೇಡಂಗೆ ಸ್ವಲ್ಪ ಅಳುಕಾಯಿತು. ಈ ವರ್ಷ ಬೇರೆ ಉದಾಹರಣೆ ಕೊಡೋಣವೇ ಎಂದುಕೊಂಡರು. ಆದರೆ ಹಿಂದಿನ ಬೆಂಚು ತುಂಬಿತ್ತು, ಮಕ್ಕಳು ಕಾದು ಕೂತಿದ್ದರು. ಅವರ ಕಾಲು ತಾನಾಗಿ ಹಲಗೆಯ ಮುಂದೆ ಹೋಯಿತು, ಕೈ ತಾನಾಗಿ ಕಿವಿಗೆ ಏರಿತು. ಕಿವಿ ಮುಚ್ಚಿಕೊಂಡು ಓಡಿ ತೋರಿಸಿ ತಿರುಗಿದಾಗ, ಮೂರನೆಯ ಸಾಲಿನಲ್ಲಿ ಒಂದು ಮುಖ ಮಾತ್ರ ನಗುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ತಂಗಿ ಮನೆಗೆ ಬಂದಳು. ಮೇಡಂ ಮದುವೆಯ ಗೋಜಿಗೆ ಹೋದವರಲ್ಲ, ಮನೆಯಲ್ಲಿ ಒಬ್ಬರೇ. ಚಹಾ ಮಾಡಿ ತಂದಿಟ್ಟರು. ತಂಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಥೆಯನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೀಯ ಎಂದು ಕೇಳಿದಳು. ಮೊದಲಿನಿಂದಲೂ, ಎಂದರು ಮೇಡಂ. ಹೆಸರು ಹೇಳಿಲ್ಲ, ಗೇಲಿ ಮಾಡುವುದಕ್ಕೆ ಅಲ್ಲ, ಪಾಠ ಮಕ್ಕಳ ತಲೆಗೆ ಹೋಗಲಿ ಅಂತ, ಎಂದು ಒಂದರ ಹಿಂದೊಂದು ಸಮಜಾಯಿಷಿ ಕೊಟ್ಟರು.

“ಅದಿರಲಿ ಅಕ್ಕ,” ಎಂದಳು ತಂಗಿ. “ಅಮ್ಮ ಅಡುಗೆಮನೇಲಿ ಇದ್ದಳು ಅಂತ ಯಾಕೆ ಹೇಳ್ತೀಯ? ಅವತ್ತು ಶನಿವಾರ. ಅಮ್ಮನಿಗೆ ಬೆಳಗಿನ ಪಾಳಿ. ಮನೇಲಿ ಇದ್ದದ್ದು ನಾವಿಬ್ಬರೇ.”

ಅಮ್ಮ ದೂರವಾಣಿ ಕಚೇರಿಯಲ್ಲಿದ್ದದ್ದು ನಿಜ, ಶನಿವಾರ ಬೆಳಗಿನ ಪಾಳಿಯೂ ನಿಜ. ಆದರೆ ಅದು ಶನಿವಾರವೇ ಎನ್ನಲು ಏನು ಆಧಾರ ಎಂದರು ಮೇಡಂ.

“ಸೋಮವಾರ ನಿನಗೆ ಪರೀಕ್ಷೆ ಇತ್ತು. ನೀನು ಓದ್ತಿದ್ದೆ, ನಾನು ಪುಸ್ತಕ ಎಳೀತಿದ್ದೆ. ನೀನು ನನ್ನನ್ನು ಎತ್ತಿಕೊಂಡು ಹೋಗಿ ಒಳಗೆ ಹಾಕಿದೆ. ಚಿಲಕ ಇದ್ದದ್ದು ಹೊರಗಡೆ, ಅಕ್ಕ. ಅದು ನನಗೆ ಎಟುಕುತ್ತಲೇ ಇರಲಿಲ್ಲ. ನಾನು ಅಳೋದು ಪಕ್ಕದ ಮನೆಗೆ ಕೇಳಬಾರದು ಅಂತ ನೀನೇ ಮಿಕ್ಸಿ ಹಚ್ಚಿದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಬಂದವರ ಅಳತೆ ಓದಿ ಹೇಳುವ ಹಾಗೆ ಹೇಳಿದಳು. ಮೇಡಂಗೆ ಮಾತ್ರ ಕಿವಿ ಬಿಸಿಯಾಯಿತು. ಆಮೇಲೆ ಅವರು ಮಾಡಿದ್ದೇನೆಂದರೆ, ತರಗತಿಯ ದನಿ ತೆಗೆದರು. ನೆನಪು ಎನ್ನುವುದು ತೆಗೆದಿಟ್ಟ ಫೋಟೋ ಅಲ್ಲ, ಪ್ರತಿ ಸಲ ನೆನೆಸಿಕೊಂಡಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಐದು ವರ್ಷದ ಮಗು ಹೆದರಿದ್ದಾಗ ಕಂಡದ್ದಕ್ಕೂ ಆಮೇಲೆ ಊಹಿಸಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ ಎಂದೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಹತ್ತು ವರ್ಷದ ಹುಡುಗಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ತಂಗಿ ಕೊನೆಯವರೆಗೂ ಕೇಳಿದಳು.

“ಇರಬಹುದು,” ಎಂದಳು. “ನೀನು ಓದಿದವಳು.”

ಅರ್ಧ ಚಹಾ ಲೋಟದಲ್ಲೇ ಬಿಟ್ಟು ಹೊರಟಳು.

ಎರಡು ವಾರ ಕಳೆದು ನೆನಪಿನ ಪಾಠ ಬಂತು. ಮೇಡಂ ನೆನಪು ಫೋಟೋ ಅಲ್ಲ ಎನ್ನುವ ಅದೇ ಮಾತನ್ನು ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, ಹಾಗಾದರೆ ನಮ್ಮ ನೆನಪುಗಳಲ್ಲಿ ಯಾವುದು ನಿಜ, ಯಾವುದು ನಾವೇ ಕಟ್ಟಿಕೊಂಡದ್ದು ಅಂತ ಗೊತ್ತಾಗೋದು ಹೇಗೆ ಎಂದು ಕೇಳಿದಳು. ಒಬ್ಬರೇ ಕೂತು ಯೋಚಿಸಿದರೆ ಗೊತ್ತಾಗುವುದಿಲ್ಲ ಎಂದರು ಮೇಡಂ. ಎರಡೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಹೊರಗಿನದು ಏನಾದರೂ ಬೇಕು, ಒಂದು ಕಾಗದ, ಒಂದು ಗಾಯದ ಕಲೆ, ಅವತ್ತು ಮುರಿದದ್ದು, ಸುಟ್ಟದ್ದು...

ಅಲ್ಲಿಗೆ ಅವರ ಮಾತು ನಿಂತಿತು. ಸುಟ್ಟ ತಂತಿಯ ವಾಸನೆ ಮೂಗಿಗೆ ಬಡಿದ ಹಾಗಾಯಿತು.

ಚಿಕ್ಕಂದಿನಲ್ಲಿ ಅವರ ಮೇಲೆ ಅಮ್ಮ ಕೈ ಎತ್ತಿದ್ದು ಒಂದೇ ಸಲ. ಖಾಲಿ ಮಿಕ್ಸಿ ಓಡಿಸಿ ಮೋಟಾರು ಸುಟ್ಟುಹಾಕಿದ್ದಕ್ಕೆ. ಆ ಏಟು ಅವರಿಗೆ ಚೆನ್ನಾಗಿ ನೆನಪಿತ್ತು. ಕೆನ್ನೆಯ ಉರಿ, ಕೆಲಸದಿಂದ ಬಂದ ಅಮ್ಮನ ಹೆಗಲಲ್ಲಿ ಇನ್ನೂ ಇದ್ದ ಚೀಲ, ಎಲ್ಲವೂ. ಮಿಕ್ಸಿ ಹಾಳು ಮಾಡಿ ಪೆಟ್ಟು ತಿಂದದ್ದನ್ನು ಗೆಳತಿಯರಿಗೆ ತಮಾಷೆಯಾಗಿ ಹೇಳಿಯೂ ಇದ್ದರು. ಆದರೆ ಹತ್ತು ವರ್ಷದ ಹುಡುಗಿ ಖಾಲಿ ಮಿಕ್ಸಿಯನ್ನು ಅಷ್ಟು ಹೊತ್ತು ಯಾಕೆ ಓಡಿಸಿದಳು ಎಂದು ನಲವತ್ತೆರಡು ವರ್ಷ ಅವರು ಯಾರನ್ನೂ ಕೇಳಿರಲಿಲ್ಲ, ತಮ್ಮನ್ನೂ ಕೇಳಿಕೊಂಡಿರಲಿಲ್ಲ.

ಇವತ್ತಿಗೆ ಸಾಕು ಎಂದು ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಮಕ್ಕಳು ಸದ್ದಿಲ್ಲದೆ ಎದ್ದು ಹೋದರು.

ಆ ಮಧ್ಯಾಹ್ನವೇ ತಂಗಿಯ ಅಂಗಡಿಗೆ ಹೋದರು. ತಂಗಿ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಅಕ್ಕನನ್ನು ಕಂಡು ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲಿ ಕೂತ ಕೂಡಲೇ ಕೈಕೊಟ್ಟಿತು.

“ನನಗೆ ಈಗಲೂ ನೆನಪಿಗೆ ಬರ್ತಿಲ್ಲ ಕಣೇ,” ಎಂದರು ಕಡೆಗೆ. “ಚಿಲಕ ಹಾಕಿದ್ದು, ನೀನು ಅತ್ತದ್ದು, ಯಾವುದೂ ಇಲ್ಲ. ಆದರೆ ಮಾಡಿದ್ದು ನಾನೇ. ತಪ್ಪಾಯ್ತು.”

ತಂಗಿ ಬ್ಲೇಡನ್ನು ಮೇಜಿನ ಮೇಲಿಟ್ಟಳು.

“ನಾನು ಏನಂದ್ಕೊಂಡಿದ್ದೆ ಗೊತ್ತಾ? ನಿನಗೆ ಎಲ್ಲ ನೆನಪಿದೆ, ಹೇಳೋಕೆ ನಾಚಿಕೆ ಅಂತ. ಒಳಗೊಳಗೇ ಕೊರಗ್ತಿರಬೇಕು, ಮಾತು ಎತ್ತಿದರೆ ಇನ್ನೂ ನೊಂದುಕೊಳ್ತೀಯ ಅಂತ ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ನೀನು ಮರೆತೇ ಬಿಟ್ಟಿದ್ದೀಯ ಅಂತ ಗೊತ್ತಿರಲಿಲ್ಲ.”

ಮೇಡಂ ತಲೆ ತಗ್ಗಿಸಿದರು. ಬೀದಿಯಲ್ಲಿ ಬಸ್ಸೊಂದು ನಿಂತು ಹೋಯಿತು. ತಂಗಿ ಬಿಚ್ಚಿದ ದಾರಗಳನ್ನು ಒಂದೊಂದಾಗಿ ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮಗಳು ನಿನ್ನ ಕೈಪಿಡಿ ಓದಿ ಹೇಳಿದಳು ಎಂದು ಶುರು ಮಾಡಿದಳು. ಇಂಥ ಹೆದರಿಕೆ ಬಿಡಿಸುವ ದಾರಿಯೂ ಅದರಲ್ಲಿದೆಯಂತೆ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಜೊತೆಗೊಬ್ಬರು ನಿಂತು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿದರೆ ಹೋಗುತ್ತದಂತೆ. ಹೌದಾ ಎಂದು ಕೇಳಿದಳು.

“ಹೌದು. ಏಳನೇ ಪಾಠದಲ್ಲಿದೆ.”

“ಎಷ್ಟು ದಿನ ಹಿಡಿಯುತ್ತೆ?”

ಸುಳ್ಳು ಹೇಳಬಹುದಿತ್ತು. ಮೇಡಂ ಹೇಳಲಿಲ್ಲ.

“ಎರಡು ತಿಂಗಳು. ಹೆಚ್ಚೆಂದರೆ ಮೂರು.”

ತಂಗಿ ಬೆರಳಿಗೆ ಸುತ್ತಿದ್ದ ದಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಹದಿನೇಳು ವರ್ಷದ ಹಿಂದೆ ಆಸ್ಪತ್ರೆ ಕೆಲಸ ಬಿಟ್ಟ ವಾರ ಅವಳು ಅಕ್ಕನ ಮನೆಗೇ ಬಂದು ಇಡೀ ದಿನ ಮಲಗಿದ್ದಳು. ಅಂದೂ ಮೇಡಂ ಅವಳಿಗೆ ಹಾಸಿ ಹೊದಿಸಿ ಕಾಲೇಜಿಗೆ ಹೋಗಿ ಪಾಠ ಮಾಡಿ ಬಂದಿದ್ದರು. ಅದು ಏಳನೆಯ ಪಾಠವೇ ಆಗಿತ್ತೋ ಏನೋ. ತಂಗಿ ಅವರ ಪಾಲಿಗೆ ಒಂದು ಒಳ್ಳೆಯ ಉದಾಹರಣೆಯಾಗಿದ್ದಳು. ಆ ಪಾಠ ಅವಳಿಗೂ ಉಪಯೋಗಕ್ಕೆ ಬರಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಈಗಲಾದರೂ ಶುರು ಮಾಡೋಣ, ದಿನಾ ಸಂಜೆ ನಾನೇ ಬರುತ್ತೇನೆ ಎಂದರು ಮೇಡಂ. ತಂಗಿ ಬೇಡವೆಂದು ತಲೆಯಾಡಿಸಿದಳು. ನಲವತ್ತೇಳು ಆಯಿತು, ಈಗ ಯಾವ ಶೀತಲ ಕೋಣೆ ಕಾಯುತ್ತಿದೆ ಎಂದಳು. ಒಂದೇ ಒಂದು ಕೇಳಿಕೊಂಡಳು. ಆ ಕಥೆ ಇನ್ನು ಮೇಲೆ ಬೇಡ. ತಿದ್ದಿ ಸರಿಯಾಗಿ ಹೇಳುವುದೂ ಬೇಡ.

ಮೇಡಂ ಮಾತು ಉಳಿಸಿಕೊಂಡರು. ಪ್ರಕಾಶಕರಿಗೆ ಬರೆದು ಕೈಪಿಡಿಯ ಮುಂದಿನ ಮುದ್ರಣದಿಂದ ಆ ಪುಟ ತೆಗೆಸಿದರು. ಹಳೆಯ ಪ್ರತಿಗಳು ಯಾರ ಯಾರ ಮನೆಯಲ್ಲಿವೆಯೋ, ಅವುಗಳನ್ನು ಮರಳಿ ತರುವ ಬಗೆಯಿರಲಿಲ್ಲ. ಮರುವರ್ಷ ಮೂರನೆಯ ಪಾಠಕ್ಕೆ ಪುಸ್ತಕದಲ್ಲಿದ್ದ ನಾಯಿ ಮತ್ತು ಗಂಟೆಯ ಪ್ರಯೋಗವನ್ನೇ ವಿವರಿಸಿದರು. ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗಂಟೆ ಹೊಡೆಯುವ ಮೊದಲೇ ಎದ್ದು ಹೋದರು. ತಂಗಿಯ ಮಗಳು ಓದು ಬಿಡಲಿಲ್ಲ, ಒಳ್ಳೆಯ ಅಂಕವನ್ನೇ ತೆಗೆದಳು. ಆದರೆ ಈಗ ಮನೆಯಲ್ಲಿ ಸಿಕ್ಕಾಗಲೂ ಅವಳು ದೊಡ್ಡಮ್ಮ ಎನ್ನುತ್ತಿರಲಿಲ್ಲ. ಮೇಡಂ ಎಂದೇ ಕರೆಯುತ್ತಿದ್ದಳು. ಅವರು ಅದನ್ನು ತಿದ್ದಲು ಹೋಗಲಿಲ್ಲ.

ಆ ವರ್ಷದ ಕೊನೆಯಲ್ಲಿ ತಂಗಿಗೆ ಕಣ್ಣು ಮಂಜಾಗತೊಡಗಿತು, ಸೂಜಿಗೆ ದಾರ ಪೋಣಿಸಲು ಆಗದಾಯಿತು. ಕಣ್ಣಿನ ಡಾಕ್ಟರು ಕೂರುವುದು ಐದನೇ ಮಹಡಿಯಲ್ಲಿ. ಮಗಳಿಗೆ ಅಂದು ಪರೀಕ್ಷೆ, ಹಾಗಾಗಿ ಮೇಡಂ ಜೊತೆಗೆ ಹೋದರು. ಕೆಳಗೆ ಲಿಫ್ಟಿನ ಮುಂದೆ ಸಾಲು ನಿಂತಿತ್ತು. ಮೇಡಂ ಅತ್ತ ನೋಡಲೂ ಇಲ್ಲ, ನೇರ ಮೆಟ್ಟಿಲ ಕಡೆ ನಡೆದರು. ಅವರಿಗೆ ಮಂಡಿ ನೋವು, ಕಂಬಿ ಹಿಡಿದು ಒಂದೊಂದೇ ಹತ್ತಬೇಕು. ಎರಡನೇ ಮಹಡಿಯ ತಿರುವಿನಲ್ಲಿ ತಂಗಿ ನಿಂತು, ನೀನು ಬೇಕಾದರೆ ಲಿಫ್ಟಿನಲ್ಲಿ ಬಾ, ನಾನು ಮೇಲೆ ಸಿಗುತ್ತೇನೆ ಎಂದಳು. ಪರವಾಗಿಲ್ಲ ಎಂದರು ಮೇಡಂ.

ಮೂರನೇ ಮಹಡಿಯಲ್ಲಿ ಇಬ್ಬರೂ ಕಿಟಕಿಯ ಹತ್ತಿರ ಕೂತು ದಣಿವಾರಿಸಿಕೊಂಡರು. ತಂಗಿ ಹೊರಗೆ ನೋಡುತ್ತಾ ಕೇಳಿದಳು.

“ಆ ಸೋಮವಾರದ ಪರೀಕ್ಷೇಲಿ ಎಷ್ಟು ಬಂತು ನಿನಗೆ?”

“ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು,” ಎಂದರು ಮೇಡಂ. ಅದು ಅವರಿಗೆ ಚೆನ್ನಾಗಿ ನೆನಪಿತ್ತು.

ತಂಗಿ ಹೂಂ ಎಂದಳು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಎದ್ದಳು, ಅಕ್ಕನಿಗೆ ಏಳಲು ಕೈ ಕೊಟ್ಟಳು. ಐದನೇ ಮಹಡಿ ಮುಟ್ಟುವಷ್ಟರಲ್ಲಿ ಅವರ ಸರದಿ ದಾಟಿಹೋಗಿತ್ತು. ಕಿಟಕಿಯಲ್ಲಿದ್ದ ನರ್ಸು ಇನ್ನೊಂದು ಚೀಟಿ ಬರೆದುಕೊಟ್ಟಳು. ಇಬ್ಬರೂ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಕರೆಯುವುದನ್ನು ಕಾಯತೊಡಗಿದರು.